ನಿಧಾನದ ಗಾಡಿ

ತಿಲಕ್ ನಗರದ ರುದ್ರಮ್ಮ ಜಯನಗರದ ಅಂಗಡಿಗಳಿಗೆ ದೋಸೆ ಹಿಟ್ಟು ಹಾಕುತ್ತಿದ್ದಳು. ಅದಕ್ಕೆಂದೇ ಕೊಂಡಿದ್ದ ಸ್ಕೂಟರು ಬೆಳಗಾದರೆ ಮಗ ಸುಭಾಷನ ಪಾಲು. ಇವಳು ಬಕೆಟ್ಟುಗಳನ್ನು ಹಿಡಿದು ಆಟೊಗಳಿಗೆ ಕೈ ತೋರಿಸುತ್ತಾ ನಿಲ್ಲಬೇಕಿತ್ತು. ಈಗ ಆ ಸ್ಕೂಟರೂ ಗುಜರಿ ಸೇರಿತ್ತು. ಎಲೆಕ್ಟ್ರಿಕ್ ಗಾಡಿಯ ಷೋರೂಮಿಗೆ ಸುಭಾಷನೇ ಅವಳನ್ನು ಕರೆತಂದಿದ್ದ.

ಅಲ್ಲಿನ ಹುಡುಗಿ ಎರಡು ಗಾಡಿ ತೋರಿಸಿದಳು. "ಇದು ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಲ್ಲ ಆಂಟಿ. ಲೈಸೆನ್ಸು, ನಂಬರ್ ಪ್ಲೇಟು ಏನೂ ಬೇಡ, ರೇಟೂ ಕಮ್ಮಿ. ಅದು ಸ್ಪೀಡು. ರೇಟು ಡಬಲ್ಲು, ಲೈಸೆನ್ಸು ರಿಜಿಸ್ಟ್ರೇಷನ್ನು ಎಲ್ಲಾ ಬೇಕು."

"ನಿನ್ನತ್ರ ಲೈಸೆನ್ಸ್ ಇದ್ಯಲ್ಲಮ್ಮಾ, ಸ್ಪೀಡಿಂದೇ ತಗೋ," ಎಂದ ಸುಭಾಷ್. "ಸಖತ್ತಾಗಿದೆ. ಬ್ಲೂಟೂತೂ ಇದೆ."

ದೋಸೆ ಹಿಟ್ಟಿಗೆ ಯಾವ ಬ್ಲೂಟೂತು ಎಂದು ರುದ್ರಮ್ಮ ಮನಸ್ಸಿನಲ್ಲೇ ಗೊಣಗಿದಳು. ನಿಧಾನದ ಗಾಡಿಯಲ್ಲಿ ಕಾಲಿಡುವ ಜಾಗ ಅಗಲವಾಗಿತ್ತು. ಬಕೆಟ್ಟು ಸಲೀಸಾಗಿ ಕೂರುತ್ತಿತ್ತು.

"ಇದೂ ಚೆನ್ನಾಗೇ ಇದ್ಯಲ್ಲೋ?"

"ಥೂ, ಸೈಕಲ್ಲೋರೂ ಓವರ್‌ಟೇಕ್ ಮಾಡ್ತಾರೆ. ಪ್ರಾಣ ಹೋದ್ರೂ ನಾನಿದನ್ನ ಮುಟ್ಟಲ್ಲ!"

"ನಿಜವಾಗ್ಲೂ ಮುಟ್ಟಲ್ವಾ?"

"ನಿನ್ನಾಣೆಗೂ ಮುಟ್ಟಲ್ಲ."

ರುದ್ರಮ್ಮ ಹುಡುಗಿಯ ಕಡೆ ತಿರುಗಿದಳು. "ಇದಕ್ಕೇ ಬಿಲ್ ಹಾಕಮ್ಮಾ."