ಪಿಂಜಾರ ಓಣಿಯ ನಳ

ಹಾರೆಯ ಮೊನೆಯನ್ನು ಚಪ್ಪಡಿಯ ಸಂದಿಗೆ ಇಟ್ಟ ಯಮನೂರಸಾಬ ಅದನ್ನು ಒತ್ತದೆ ಹಾಗೇ ನಿಂತಿದ್ದ. ಎದುರಿಗೆ ಇನ್ನೊಂದು ಹಾರೆ ಹಿಡಿದ ಆಳು ಗಾಳೆಪ್ಪ ಅವನ ಮುಖವನ್ನೊಮ್ಮೆ, ಕಲ್ಲನ್ನೊಮ್ಮೆ ನೋಡುತ್ತಿದ್ದ. ಅದೇ ಓಣಿಯ ಉಡಚವ್ವನ ಬಾಗಿಲ ಮುಂದೆ ಗಟಾರದ ಮೇಲೆ ಅಡ್ಡ ಹಾಸಿದ್ದ ಉದ್ದನೆಯ ಕಲ್ಲು ಅದು. ಸಂಜೆಯಾದರೆ ಯಮನೂರಸಾಬನ ಹೆಂಡತಿ ಲಾಲಬಿ ಮೊರ ತಂದುಕೊಂಡು ಅದರ ಮೇಲೆ ಕೂತು, ಉಡಚವ್ವನ ಜೊತೆ ಮಾತಾಡುತ್ತ ಜೋಳ ಹಸನು ಮಾಡುತ್ತಿದ್ದಳು. ಅವಳು ತೀರಿಕೊಂಡು ಇನ್ನೂ ವಾರ ತುಂಬಿರಲಿಲ್ಲ.

ಹೊಸ್ತಿಲಲ್ಲಿ ನಿಂತಿದ್ದ ಉಡಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಸೆರಗು ಸರಿಸಿ, "ಎತ್ರಿ ಅಣ್ಣಾ. ಕಲ್ಲು ಇಟಗೊಂಡು ಏನ್ ಮಾಡೂದೈತಿ," ಎಂದಳು.

ಇಬ್ಬರೂ ಒತ್ತಿದರು. ಕಲ್ಲು ಮೇಲೆದ್ದು ಮಗ್ಗುಲಿಗೆ ಬಿತ್ತು. ಅಡಿಯಿಂದ ಕಪ್ಪು ರಾಡಿಯ ನಾತ ಎದ್ದಿತು. ಗಾಳೆಪ್ಪ ಮುಖ ತಿರುಗಿಸಿದ. ಯಮನೂರಸಾಬ ತಿರುಗಿಸಲಿಲ್ಲ. ಅವನ ಅಪ್ಪ, ಅಜ್ಜ ಹತ್ತಿ ಹಿಂಜಿ ಗಾದಿ ತುಂಬಿದವರು. ಇವನು ಹುಡುಗನಾಗಿದ್ದಾಗಲೇ ಆ ಕೆಲಸ ಬಿಟ್ಟು ಮುನಸಿಪಾಲ್ಟಿಗೆ ಸೇರಿ, ಬುಟ್ಟಿ ಹೊರುವ ಆಳಿನಿಂದ ಹೆಡ್ ಮಿಸ್ತ್ರಿಯ ತನಕ ಬಂದಿದ್ದ. ನಳ ನಿಂತರೂ ಗಟಾರ ಕಟ್ಟಿದರೂ ಜನ ಅವನ ಮನೆಯ ಬಾಗಿಲಿಗೇ ಬರುತ್ತಿದ್ದರು. ವಾಸನೆ ಎನ್ನುವುದು ಅವನ ಮೂಗಿಗೆ ಎಂದೋ ನಿಂತುಹೋಗಿತ್ತು.

ಆ ವರ್ಷ, ಎಪ್ಪತ್ತೆಂಟರಲ್ಲಿ, ರೋಹಿಣಿ ಮಳೆ ಒಂದು ದಿನ ರಪರಪ ಹೊಡೆದು ನಿಂತುಬಿಟ್ಟಿತ್ತು. ಗಟಾರಗಳು ಉಕ್ಕಿ ಓಣಿಯಲ್ಲೆಲ್ಲ ಹರಿದವು. ಅದಾದ ಕೆಲವೇ ದಿನಗಳಲ್ಲಿ ಪಿಂಜಾರ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಓಣಿಯ ತುದಿಗಿದ್ದ ನೇಕಾರರ ಮನೆಯ ಕೂಸು ಹೋಯಿತು, ಆಮೇಲೆ ಒಬ್ಬ ಮುದುಕ. ಲಾಲಬಿ ಹಾಸಿಗೆ ಹಿಡಿದಾಗ ಯಮನೂರಸಾಬ ಊರಲ್ಲಿರಲಿಲ್ಲ. ಹೊಳೆಯ ನೀರು ತರುವ ದೊಡ್ಡ ಕೊಳವೆ ಮುಂಡರಗಿ ರಸ್ತೆಯಲ್ಲಿ ಒಡೆದು, ಆಳುಗಳ ಜೊತೆ ಅಲ್ಲೇ ಬಿಡಾರ ಹೂಡಿದ್ದ. ಗಾಳೆಪ್ಪ ಸೈಕಲ್ ಮೇಲೆ ಬಂದು ಖಬರ ಮುಟ್ಟಿಸಿದ. ಯಮನೂರಸಾಬ ದವಾಖಾನೆಗೆ ಹೋಗುವ ಹೊತ್ತಿಗೆ ಅವಳ ಕಣ್ಣುಗಳು ಒಳಗೆ ಸರಿದಿದ್ದವು, ಬೆರಳುಗಳು ಬಹಳ ಹೊತ್ತು ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕುಗಟ್ಟಿದ್ದವು. ಗಂಡನ ಗುರುತು ಹಿಡಿದು, "ನೀರು ಬಂತೇನು?" ಎಂದು ಕೇಳಿದಳು.

ಊರಿನವರೆಲ್ಲ ಅವನನ್ನು ಕಂಡ ಕೂಡಲೇ ಕೇಳುವ ಮಾತು ಅದು. ಇಷ್ಟು ವರ್ಷಗಳಲ್ಲಿ ಅವಳೊಬ್ಬಳು ಕೇಳಿರಲಿಲ್ಲ. ಬಂತು ಎಂದು ಅವನು ಹೇಳಿದ. ಮುಂಡರಗಿ ರಸ್ತೆಯ ಕೆಲಸ ಇನ್ನೂ ಅರ್ಧವೂ ಆಗಿರಲಿಲ್ಲ.

ಮಣ್ಣಿಗಿಟ್ಟ ದಿನ ಅವನಿಗೆ ಅಳು ಬರಲಿಲ್ಲ. ಖಬರಸ್ತಾನದಲ್ಲಿ ಕೈ ತೊಳೆಯಲು ಹೋದಾಗ, ತಿರುವಿ ನಿಲ್ಲಿಸಿದ ಮೇಲೂ ನಳ ತೊಟ್ಟಿಕ್ಕುವುದು ಕಾಣಿಸಿತು. ಒಳಗಿನ ವಾಷರ್ ಸವೆದಿದೆ, ಬದಲಿಸಬೇಕು ಅಂದುಕೊಂಡ. ಇನ್ನೊಮ್ಮೆ ಬಿಗಿಯಾಗಿ ತಿರುವಿ, ತೊಟ್ಟು ನಿಂತಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದಾಗ ಮಗ ದಾದಾಪೀರ ಹಿಂದೆ ಬಂದು ನಿಂತಿದ್ದ. ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುವ, ಮದುವೆಯಾದ ಮಗ, ಅಪ್ಪನಿಗೆ ಎದುರಾಡಿದವನಲ್ಲ.

"ಅವ್ವನ್ನ ಮಣ್ಣಾಗ ಇಟ್ಟು ಬಂದು ನಳಾ ತಿರುವಾಕ ಹತ್ತಿಯೇನಪಾ," ಎಂದ, ದನಿ ಏರಿಸದೆ. "ಆಕಿ ಕುಡದದ್ದು ನಿನ್ನ ನಳದ ನೀರು."

ಅಂದಿನಿಂದ ದಾದಾಪೀರ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಏನಾದರೂ ಹೇಳುವುದಿದ್ದರೆ ಹೆಂಡತಿ ಜನ್ನತಬಿಯ ಕೈಯಲ್ಲಿ ಹೇಳಿಸುತ್ತಿದ್ದ.

ಮೂರನೇ ದಿನದ ಜಿಯಾರತ್ ಮುಗಿದ ಮರುದಿನ ಯಮನೂರಸಾಬ ಖಾಕಿ ಅಂಗಿ ತೊಟ್ಟುಕೊಂಡು ಕೆಲಸಕ್ಕೆ ಹೋದ. ಇಂಜಿನಿಯರ್ ಸಾಹೇಬರು ಇವನನ್ನು ಕಂಡು ಕುರ್ಚಿಯಿಂದ ಎದ್ದು ನಿಂತರು. ಇನ್ನೂ ಹತ್ತು ದಿನ ಮನೆಯಲ್ಲಿರಿ, ಗಾಳೆಪ್ಪ ನೋಡಿಕೊಳ್ಳುತ್ತಾನೆ ಎಂದರು. ಮನೆಯಲ್ಲಿ ತನಗೇನೂ ಕೆಲಸವಿಲ್ಲ ಎಂದು ಯಮನೂರಸಾಬ ಹೇಳಿದ. ಅದು ಖರೆಯೇ ಆಗಿತ್ತು. ಬಾಳೆಹೊಸೂರಿನಿಂದ ಲಾಲಬಿಯ ಅಕ್ಕತಂಗಿಯರು ಬಂದು ಕೂತಿದ್ದರು. ಅವರ ಅಳು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಯಾರೋ ಬಾಗಿಲಿಗೆ ಬಂದರೆ ಏರುತ್ತಿತ್ತು. ಅವನು ಕಟ್ಟೆಯ ಮೇಲೆ ಕೂತು ಅದನ್ನು ಕೇಳುತ್ತಿದ್ದ. ದಿನವೆಲ್ಲ ಸುತ್ತಿಗೆ ಹಿಡಿದ ಅಂಗೈಗೆ ಆಮೇಲೆ ಏನು ಮುಟ್ಟಿದರೂ ತಿಳಿಯುವುದಿಲ್ಲ. ಅವನ ಮೈಯೆಲ್ಲ ಹಾಗಾಗಿತ್ತು. ಊಟಕ್ಕೆ ಕರೆದರೆ ಉಣ್ಣುತ್ತಿದ್ದ. ಮಲಗಿದರೆ ನಿದ್ದೆಯೂ ಬರುತ್ತಿತ್ತು. ನಿದ್ದೆ ಬರುತ್ತದಲ್ಲ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು.

ಮುಂಡರಗಿ ರಸ್ತೆಯ ಕೊಳವೆಯನ್ನು ಆಳುಗಳು ಅಷ್ಟರಲ್ಲಿ ಸರಿಮಾಡಿದ್ದರು. ಓಣಿಯಲ್ಲಿ ಎಲ್ಲೋ ಕುಡಿಯುವ ನೀರಿಗೆ ಗಟಾರದ ನೀರು ಸೇರುತ್ತಿದೆ ಎನ್ನುವುದರಲ್ಲಿ ಇಂಜಿನಿಯರ್ ಸಾಹೇಬರಿಗೂ ಇವನಿಗೂ ಅನುಮಾನವಿರಲಿಲ್ಲ. ನಳಕ್ಕೆ ನೀರು ಬಿಡುವುದು ದಿನ ಬಿಟ್ಟು ದಿನ. ನೀರಿದ್ದಾಗ ಒಡಕಿನಿಂದ ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಬರಿದಾದ ಕೊಳವೆ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಳಗಿನ ತುದಿಯಿಂದ ಅಗೆಯುತ್ತ ಬರೋಣ ಎಂದು ಸಾಹೇಬರು ಹೇಳಿದರು. ನೇಕಾರರ ಮನೆಯ ಮುಂದೆ ಅಗೆದರು, ಕೊಳವೆ ಗಟ್ಟಿಯಾಗಿತ್ತು. ಹಿಟ್ಟಿನ ಗಿರಣಿಯ ಹತ್ತಿರ ಅಗೆದರು, ಅಲ್ಲೂ ಗಟ್ಟಿಯಾಗಿತ್ತು. ಓಣಿಯ ಹೆಂಗಸರು ದೂರದ ಬಾವಿಯಿಂದ ಕೊಡ ಹೊತ್ತು ತಗ್ಗಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಹಿಂದೆಲ್ಲ ಮಾತಾಡಿಸಿ ಹೋಗುತ್ತಿದ್ದವರು ಈಗ ತಮ್ಮತಮ್ಮಲ್ಲಿ ಮಾತಾಡುತ್ತಿದ್ದದ್ದನ್ನೂ ನಿಲ್ಲಿಸಿ ಮುಂದೆ ಹೋದರು. ಕೂಸು ಕಳೆದುಕೊಂಡ ನೇಕಾರ ತನ್ನ ಬಾಗಿಲಲ್ಲಿ ಕೂತು ಅವರು ಅಗೆಯುವುದನ್ನು ಕೊನೆಯವರೆಗೂ ನೋಡಿದ. ಕೊಳವೆ ಗಟ್ಟಿ ಇದೆ ಎಂದು ತಿಳಿದ ಮೇಲೆ ಎದ್ದು ಒಳಗೆ ಹೋದ.

ಹಾಗೆ ಹುಡುಕುತ್ತ ಅವರು ಉಡಚವ್ವನ ಬಾಗಿಲಿಗೆ ಬಂದಿದ್ದರು.

ಕಲ್ಲೆತ್ತಿದ ಜಾಗದಿಂದ ಗಾಳೆಪ್ಪ ಬುಟ್ಟಿಯಲ್ಲಿ ರಾಡಿ ಎತ್ತಿಹಾಕಿದ. ಗಟಾರಕ್ಕೆ ಅಡ್ಡಲಾಗಿ ಹೋದ ಕೊಳವೆ ಕಂಡಿತು. ಮೇಲಿನಿಂದ ಏನೂ ಆಗಿರಲಿಲ್ಲ. ಯಮನೂರಸಾಬ ತಗ್ಗಿನಲ್ಲಿ ಇಳಿದು ಮಂಡಿಯೂರಿ, ಕೊಳವೆಯ ಅಡಿಗೆ ಕೈ ಹಾಕಿ ಸವರಿದ. ಒಂದು ಕಡೆ ಬೆರಳಿನ ತುದಿ ಕಬ್ಬಿಣದೊಳಕ್ಕೆ ಇಳಿಯಿತು. ಚಕ್ಕಡಿ, ಲಾರಿ ಓಡಾಡಿ ಓಡಾಡಿ ಹಳೆಯ ಬೀಡುಕಬ್ಬಿಣದ ಕೊಳವೆ ಹೊಟ್ಟೆಯ ಕೆಳಗೆ ಸೀಳು ಬಿಟ್ಟಿತ್ತು. ಅವನು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಗಾಳೆಪ್ಪ ಮೇಲಿನಿಂದ ಕೇಳಿದ, "ಸಿಕ್ತೇನ್ರಿ ಮಿಸ್ತ್ರಿ?"

"ಸಿಕ್ತು," ಎಂದ ಯಮನೂರಸಾಬ. "ಗರಗಸ ಕೊಡು."

ಒಡೆದ ತುಂಡನ್ನು ಕೊಯ್ದು ತೆಗೆದರು. ಹೊಸ ತುಂಡು ಕೂರಿಸಿ, ಕೀಲುಗಳಿಗೆ ಸೆಣಬಿನ ಎಳೆ ತುರುಕಿದರು. ಗಾಳೆಪ್ಪ ಬೀದಿಯಲ್ಲೇ ಮೂರು ಕಲ್ಲು ಹೂಡಿ ಸೀಸ ಕಾಸಿದ. ತೇವವಿದ್ದರೆ ಕಾದ ಸೀಸ ಸಿಡಿಯುತ್ತದೆಂದು ಯಮನೂರಸಾಬ ಕೀಲನ್ನು ಒಣ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಊದಿ ನೋಡಿ, ಆಮೇಲೆ ಹೊಯ್ದ. ಬೆಳ್ಳಗೆ ಹೊಳೆಯುತ್ತಿದ್ದ ಸೀಸ ನೋಡುನೋಡುತ್ತ ಮಂಕಾಯಿತು. ಒಳ್ಳೆಯ ಕೆಲಸವಾಗಿದೆ ಎಂದು ಅವನ ಕೈಗೆ ತಿಳಿಯಿತು. ಅವನಿಗೆ ಸಮಾಧಾನವಾಗಲೀ ದುಃಖವಾಗಲೀ ಆಗಲಿಲ್ಲ.

ಉಡಚವ್ವ ಚಹಾ ತಂದಿಟ್ಟಳು. ಮಗ್ಗುಲಿಗೆ ಬಿದ್ದ ಕಲ್ಲನ್ನೂ ಕೊಯ್ದು ತೆಗೆದ ಕೊಳವೆಯ ತುಂಡನ್ನೂ ನೋಡುತ್ತ ನಿಂತವಳಿಗೆ ತಡೆಯಲಾಗಲಿಲ್ಲ.

"ಇದರ ಮ್ಯಾಲೆ ಕುಂತು ನಗತಿದ್ದಿವಲ್ರಿ ಅಣ್ಣಾ, ಇಬ್ಬರೂ."

ಯಮನೂರಸಾಬ ತಲೆಯೆತ್ತಿ ಅವಳನ್ನು ನೋಡಿದ. ಏನಾದರೂ ಹೇಳಬೇಕು ಎನ್ನಿಸಿತು. "ಸೀಸ ಆರೂತನಕ ಯಾರೂ ಮುಟ್ಟಬ್ಯಾಡ್ರಿ," ಎಂದ. ಉಡಚವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಬಂದು ನೋಡಿದರು. ನೀರು ಬಿಟ್ಟು ಕೊಳವೆಯನ್ನು ಬಹಳ ಹೊತ್ತು ತೊಳೆಸಿದರು. ಇನ್ನೊಂದು ಕೆಲಸ ಉಳಿದಿದೆ ಎಂದು ಅವರೇ ನೆನಪಿಸಿದರು: ಓಣಿಯ ಮನೆಗಳಲ್ಲಿ ತುಂಬಿಟ್ಟ ಹಳೆಯ ನೀರು ಒಂದು ತಂಬಿಗೆಯೂ ಉಳಿಯಬಾರದು, ಪಾತ್ರೆಗಳ ಒಳಮೈಗೆ ಬ್ಲೀಚಿಂಗ್ ಪುಡಿ ತಿಕ್ಕಿಸಬೇಕು. ಸಾಹೇಬರು ಗಾಳೆಪ್ಪನ ಕಡೆ ನೋಡುತ್ತಿದ್ದರು. ಯಮನೂರಸಾಬ ಪುಡಿಯ ಬಕೆಟ್ಟನ್ನು ತಾನೇ ಎತ್ತಿಕೊಂಡ.

ಅವನೂ ಗಾಳೆಪ್ಪನೂ ಮನೆಯಿಂದ ಮನೆಗೆ ಹೋದರು. ಕೆಲವರು ಎರಡು ಮಾತಿಲ್ಲದೆ ಕೊಡಗಳನ್ನು ಹೊರಗೆ ತಂದು ಸುರಿದರು. ಒಬ್ಬ ಮುದುಕಿ, ಕಾಸಿ ಕುಡಿಯುತ್ತೇನೆ, ಚೆಲ್ಲುವುದಿಲ್ಲ ಎಂದು ಹಟ ಮಾಡಿದಳು. ಗಾಳೆಪ್ಪ ತಿಳಿಸಿ ಹೇಳಿದ ಮೇಲೆ ಗೊಣಗುತ್ತ ಚೆಲ್ಲಿದಳು. ನೇಕಾರನ ಮನೆಯಲ್ಲಿ ಪಾತ್ರೆಗಳೆಲ್ಲ ಆಗಲೇ ಬೋರಲು ಬಿದ್ದಿದ್ದವು.

ತನ್ನ ಮನೆಗೆ ಬಂದಾಗ ಯಮನೂರಸಾಬ ಗಾಳೆಪ್ಪನಿಗೆ ಮುಂದಿನ ಮನೆ ನೋಡಲು ಹೇಳಿ ಒಬ್ಬನೇ ಒಳಗೆ ಹೋದ. ಬಾಳೆಹೊಸೂರಿನವರು ಬೆಳಗಿನ ಬಸ್ಸಿಗೆ ಹೋಗಿದ್ದರು. ಜನ್ನತಬಿ ಕೊಡ, ತಂಬಿಗೆಗಳನ್ನು ತಾನೇ ಬರಿದು ಮಾಡಿ ಹಿತ್ತಲಿಗೆ ಹಾಕಿದ್ದಳು. ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಮಣ್ಣಿನ ಹರವಿ ಮಾತ್ರ ಇದ್ದಲ್ಲೇ ಇತ್ತು. ಅದರ ಬಾಯಿಗೆ ಬಿಳಿ ಧೋತರದ ತುಂಡು ಕಟ್ಟಿ, ಮೇಲೆ ತಾಟು ಮುಚ್ಚಿತ್ತು. ನೀರು ಬಂದ ದಿನ ಅದೇ ಬಟ್ಟೆಯಲ್ಲಿ ಸೋಸಿ ಹರವಿ ತುಂಬುವುದು, ಕೊಡದ ನೀರನ್ನು ಮೊದಲು ಖರ್ಚು ಮಾಡಿ ಹರವಿಯದನ್ನು ಕಡೆಗೆ ಉಳಿಸುವುದು ಲಾಲಬಿಯ ರೂಢಿ. ಬಟ್ಟೆಗೆ ಅವಳು ಹಾಕಿದ ಗಂಟು ಹಾಗೇ ಇತ್ತು.

"ನಾ ಮುಟ್ಟಿಲ್ಲ ಮಾವಾ," ಎಂದಳು ಜನ್ನತಬಿ ಸಣ್ಣ ದನಿಯಲ್ಲಿ. "ಅವರು ಮುಟ್ಟಗೊಡವಲ್ಲರು."

ದಾದಾಪೀರ ಹರವಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ. ಕೆಲಸಕ್ಕೆ ಹೋಗಿರಲಿಲ್ಲ. ಯಮನೂರಸಾಬ ಬಕೆಟ್ ಕೆಳಗಿಟ್ಟು ಮಗನ ಮುಂದೆ ನಿಂತ. ಒಡಕು ಉಡಚವ್ವನ ಬಾಗಿಲ ಮುಂದೆ ಸಿಕ್ಕಿತು ಎಂದು ಹೇಳಿದ. ಹೊಸ ತುಂಡು ಹಾಕಿದ್ದಾಯಿತು ಎಂದೂ ಹೇಳಿದ. ದಾದಾಪೀರ ತಲೆ ಎತ್ತಲಿಲ್ಲ.

"ಅವ್ವ ತುಂಬಿದ್ದೈತಿ," ಎಂದ ಕಡೆಗೆ. ಅಷ್ಟು ದಿನಗಳ ಮೇಲೆ ಅಪ್ಪನಿಗೆ ಅವನು ಆಡಿದ ಮೊದಲ ಮಾತು.

"ಗೊತ್ತೈತಿ."

"ಯಾರೂ ಕುಡಿಯೂದಿಲ್ಲ. ಇರಲಿ ಬಿಡು."

ಯಮನೂರಸಾಬ ಹರವಿಯ ಹತ್ತಿರ ಬಗ್ಗಿದ. ತಾಟು ತೆಗೆದಿಟ್ಟ. ಗಂಟು ಬಿಚ್ಚಲು ನೋಡಿದ. ಸೀಸ, ರಾಡಿ ಅಂಟಿ ದಪ್ಪಗಾದ ಬೆರಳುಗಳಿಗೆ ಅದು ಸಿಗಲಿಲ್ಲ. ಬಟ್ಟೆಯನ್ನು ಹಾಗೇ ಬಿಟ್ಟು, ಕುಕ್ಕರಗಾಲಲ್ಲಿ ಕೂತು ಎರಡೂ ತೋಳುಗಳಿಂದ ಹರವಿಯನ್ನು ತಬ್ಬಿ ಎತ್ತಲು ಹೋದ. ಬೆಳಗಿನಿಂದ ಹಾರೆ ಹಿಡಿದ ತೋಳುಗಳಿಗೆ ಹರವಿ ಅಲುಗಲಿಲ್ಲ. ಮತ್ತೊಮ್ಮೆ ಎತ್ತಿದ. ಒಳಗೆ ನೀರು ತುಳುಕಿದ ಸದ್ದು ಕೇಳಿತು, ಅಷ್ಟೆ. ಅವನು ಹಾಗೇ ತಬ್ಬಿಕೊಂಡು, ಹಣೆಯನ್ನು ಹರವಿಯ ಅಂಚಿಗೆ ಆನಿಸಿ ಕೂತುಬಿಟ್ಟ. ಮಣ್ಣು ತಣ್ಣಗಿತ್ತು. ಆ ತಣ್ಣನೆಯದು ಅವನಿಗೆ ತಿಳಿಯಿತು.

ದಾದಾಪೀರ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಗಂಟನ್ನು ಉಗುರಿನಿಂದ ಬಿಡಿಸಿ ಬಟ್ಟೆಯನ್ನು ಮಡಿಸಿ ಜನ್ನತಬಿಯ ಕೈಗೆ ಕೊಟ್ಟ. ಆಮೇಲೆ ಹರವಿಯ ಆಚೆ ಮಗ್ಗುಲಿಗೆ ಕೈ ಕೊಟ್ಟ. ಇಬ್ಬರೂ ಸೇರಿ ಎತ್ತಿದರು. ಯಮನೂರಸಾಬನ ಕಾಲು ಅಭ್ಯಾಸದಂತೆ ಬೀದಿಯ ಕಡೆ ತಿರುಗಿತು.

"ಗಟಾರಕ್ಕ ಬ್ಯಾಡ," ಎಂದ ದಾದಾಪೀರ.

ಹಿತ್ತಲಿಗೆ ಒಯ್ದರು. ಅಲ್ಲಿ ಗಿಡವಾಗಲೀ ಬಳ್ಳಿಯಾಗಲೀ ಇರಲಿಲ್ಲ, ಬಿಸಿಲಿಗೆ ಬಾಯಿಬಿಟ್ಟ ಕರಿ ಮಣ್ಣು. ಹರವಿಯನ್ನು ನಿಧಾನವಾಗಿ ಬಾಗಿಸಿದರು. ನೀರಿನಲ್ಲಿ ಕಸವಿರಲಿಲ್ಲ, ಬಣ್ಣವಿರಲಿಲ್ಲ. ತಿಳಿಯಾಗಿ, ಒಂದೇ ಧಾರೆಯಾಗಿ ಬಿತ್ತು. ದಾದಾಪೀರ ಒಂದು ಕೈ ಬಿಡಿಸಿ ಧಾರೆಯ ಕೆಳಗೆ ಹಿಡಿದ. ಆ ಕೈ ಬಾಯಿಗೆ ಹೋದೀತೇನೋ ಎಂದು ಯಮನೂರಸಾಬ ನೋಡಿದ. ಹೋಗಲಿಲ್ಲ. ನೀರು ಅಂಗೈ ತುಂಬಿ, ಬೆರಳುಗಳ ನಡುವಿನಿಂದ ಇಳಿದು, ಬಿರುಕುಗಳಲ್ಲಿ ಸಣ್ಣಗೆ ಸದ್ದು ಮಾಡುತ್ತ ಒಳಗೆ ಹೋಯಿತು.

ಹರವಿ ಬರಿದಾದ ಮೇಲೆ ಯಮನೂರಸಾಬ ಭುಜದ ತನಕ ಕೈ ಇಳಿಸಿ ಒಳಗೆಲ್ಲ ಪುಡಿ ತಿಕ್ಕಿದ. ಮಗ ಬಾವಿಯ ನೀರು ತಂದು ಹೊಯ್ದ. ತೊಳೆದು, ಹಿತ್ತಲ ಗೋಡೆಯ ಪಕ್ಕದಲ್ಲಿ ಬೋರಲು ಹಾಕಿದರು. ಜನ್ನತಬಿ ಊಟಕ್ಕೆ ಕರೆದಳು. ಇಬ್ಬರೂ ಏಳಲಿಲ್ಲ. ಒಬ್ಬರಿಂದೊಬ್ಬರು ಸ್ವಲ್ಪ ದೂರದಲ್ಲಿ, ನೆಲದ ಮೇಲೆ ಕೂತೇ ಇದ್ದರು. ಇಳಿ ಬಿಸಿಲು ಹರವಿಯ ಮೇಲೆ ಬಿದ್ದಿತ್ತು. ಇಷ್ಟು ದಿನ ನೀರು ಕುಡಿದು ಕಪ್ಪಾಗಿದ್ದ ಅದರ ಮೈ ಮೇಲಿನಿಂದ ಕೆಂಪಗೆ ಒಣಗುತ್ತ ಬಂತು. ತೇವದ ಗೆರೆ ಕೆಳಗೆ ಕೆಳಗೆ ಸರಿದು, ಕಂಠದ ಹತ್ತಿರ ಒಂದು ಕೈಯಗಲ ಉಳಿದಿತ್ತು.