ಠಾಣೆಯಲ್ಲಿ ಅತ್ತೆ ಹೇಳಿದ ಮಾತು

ಬೆಳಿಗ್ಗೆ ಪೊಲೀಸರು ಮೋಟಾರು ರಿಪೇರಿ ಅಂಗಡಿಗೆ ಬಂದು, ತಂತಿ ಸುತ್ತುತ್ತಿದ್ದವನನ್ನು ಜೀಪು ಹತ್ತಿಸಿಕೊಂಡು ಹೋದರು. ಅಂಗಡಿಯ ತಾಮ್ರದ ಸುರುಳಿಗಳು ಕಳುವಾಗಿವೆ, ವಿಚಾರಣೆ ಅಂದರು.

ಸುದ್ದಿ ಮನೆಗೆ ಮುಟ್ಟಿದಾಗ ಅವನ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಕಳ್ಳತನದ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಮಧ್ಯಾಹ್ನದ ಮಾತ್ರೆ ಏನಾಗಬೇಕು? ಒಂದು ಹೊತ್ತು ತಪ್ಪಿದರೂ ಗಂಡನಿಗೆ ಫಿಟ್ಸ್ ಬರುತ್ತಿತ್ತು.

ಅತ್ತೆ ಪೌಡರಿನ ಹಳೆಯ ಡಬ್ಬಿ ತಂದಳು. ಔಷಧದ ಹೆಸರು ಯಾರ ಕಣ್ಣಿಗೂ ಬೀಳಬಾರದೆಂದು ಆಕೆ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಅದರಲ್ಲಿ ತುಂಬಿಡುತ್ತಿದ್ದಳು. ಮದುವೆಗೆ ಮುಂಚೆ ಸೊಸೆಗೂ ಹೇಳಿರಲಿಲ್ಲ. ಗಂಡ ಅಡುಗೆಮನೆಯ ನೆಲದ ಮೇಲೆ ಬಿದ್ದು ಒದ್ದಾಡಿದ ದಿನವೇ ಅವಳಿಗೆ ಗೊತ್ತಾದದ್ದು. ಅಂದಿನಿಂದ ಆ ಗುಟ್ಟನ್ನು ಅವಳೂ ಹೊತ್ತಿದ್ದಳು.

"ಕತ್ತಲಾಗ್ಲಿ, ಹೋಗೋಣ. ತಲೆನೋವಿನ ಮಾತ್ರೆ ಅಂತ ಕೊಟ್ಟು ಬರೋಣ," ಅಂದಳು ಅತ್ತೆ.

ಪಕ್ಕದ ಮನೆಯ ನರ್ಸಕ್ಕ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು.

"ಹೆಸರಿಲ್ಲದ ಮಾತ್ರೆನ ಒಳಗಿರೋನಿಗೆ ಯಾರು ಕೊಡ್ತಾರಮ್ಮ? ಕೊಡ್ಲೂಬಾರದು. ಕಾಯಿಲೆ ಇಂಥದ್ದು ಅಂತ ಬಾಯ್ಬಿಟ್ಟು ಹೇಳಿ. ಡಾಕ್ಟರಿಗೆ ತೋರ್ಸಿ ಅಂತ ಕೇಳಿ."

"ಕಳ್ಳ ಅಂತ ಎಳ್ಕೊಂಡು ಹೋದೋನಿಗೆ ಡಾಕ್ಟರು! ಹಾಸಿಗೆ ಹಾಸಿ ಕಾಲೂ ಒತ್ತುತ್ತಾರೇನೋ," ಅಂದಳು ಅತ್ತೆ.

"ಕಳ್ಳನೇ ಆಗ್ಲಿ, ಠಾಣೆಲಿ ಇರೋವರೆಗೂ ಅವನ ಜೀವ ಅವರ ಜವಾಬ್ದಾರಿ. ಆದ್ರೆ ನೀವು ಹೇಳ್ದೇ ಅವರಿಗೆ ಹೇಗೆ ಗೊತ್ತಾಗ್ಬೇಕು? ಒದ್ದಾಡಿದ್ರೆ ನಾಟಕ ಅನ್ಕೋತಾರೆ. ಮಂಪರು ಹತ್ತಿ ಬಿದ್ಕೊಂಡ್ರೆ ಕುಡಿದಿದಾನೆ ಅನ್ಕೋತಾರೆ."

"ನನ್ನ ಮಗಳಿಗೆ ಸಂಬಂಧ ನೋಡ್ತಿದೀವಿ ಕಣೇ. ಈ ಮಾತು ಊರು ತುಂಬಾ ಹಬ್ಬಿದ್ರೆ ಆ ಹುಡುಗಿ ಗತಿ ಏನು?"

ಗೋಡೆ ಗಡಿಯಾರ ನೋಡಲೂ ಸೊಸೆಗೆ ಹೆದರಿಕೆ.

ಸಂಜೆ ಮೂವರೂ ಹೋದರು. ಠಾಣೆಯ ಬೆಂಚಿನ ತುಂಬ ಜನ. ಮೇಜಿನ ಹಿಂದಿದ್ದ ಪೇದೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದ.

"ಏನಿದು?"

"ತಲೆನೋವಿಂದು," ಅಂದಳು ಅತ್ತೆ.

"ಒಂದು ದಿನ ತಲೆನೋವು ತಡ್ಕೋಬಹುದು ಬಿಡಿ. ಆಗಿಂದ ಮಲಗೇ ಇದ್ದಾನೆ, ಎಷ್ಟು ಕೂಗಿದ್ರೂ ಏಳ್ತಿಲ್ಲ. ಒಳ್ಳೇ ನಾಟಕದೋನು ನಿಮ್ಮ ಮಗ."

ಹೇಳಬೇಕೆಂದು ಸೊಸೆ ಬಾಯಿ ತೆರೆದಳು. ಇಷ್ಟು ವರ್ಷ ನುಂಗಿಕೊಂಡೇ ಬಂದ ಮಾತು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದಳು.

"ನಾಟಕ ಅಲ್ಲ ಸಾರ್. ನನ್ನ ಮಗನಿಗೆ ಫಿಟ್ಸ್ ಇದೆ. ಸಣ್ಣೋನಿದ್ದಾಗಿಂದ ಇದೆ. ಮಧ್ಯಾಹ್ನದ ಮಾತ್ರೆ ಬಿದ್ದಿಲ್ಲ. ಡಾಕ್ಟರನ್ನ ಕರೆಸಿ."

ಬೆಂಚಿನವರೆಲ್ಲ ತಿರುಗಿ ನೋಡಿದರು. ಆಕೆ ಇನ್ನೂ ಜೋರಾಗಿ ಅದನ್ನೇ ಹೇಳಿದಳು.

ಪೇದೆ ಬೀಗದ ಕೈ ತೆಗೆದುಕೊಂಡು ಓಡಿದ, ಮೂವರೂ ಅವನ ಹಿಂದೆಯೇ ಓಡಿದರು. ಒಳಗೆ ಗಂಡ ಅಂಗಾತ ಬಿದ್ದಿದ್ದ, ತುಟಿಯ ಅಂಚಿನಲ್ಲಿ ರಕ್ತ.

"ಮಗ್ಗುಲಾಗಿ ತಿರುಗಿಸಿ. ಬಾಯಿಗೆ ಏನೂ ಹಾಕ್ಬೇಡಿ, ನೀರೂ ಬೇಡ," ಅಂದಳು ನರ್ಸಕ್ಕ.

ಆಂಬುಲೆನ್ಸ್ ಬರುವವರೆಗೂ ಸೊಸೆ ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ನಿಂತಳು. ಪ್ರತಿ ಸಲ ಇಳಿದಾಗಲೂ, ಮತ್ತೆ ಏರುವವರೆಗೆ ತಾನೂ ಉಸಿರಾಡಲಿಲ್ಲ.

ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ. ಬಾಗಿಲಲ್ಲಿ ಪೇದೆ ಕಾವಲಿದ್ದ. ವಿಚಾರಣೆ ಇನ್ನೂ ಮುಗಿದಿಲ್ಲ. ಆದರೆ ಹೊತ್ತುಹೊತ್ತಿಗೆ ಮಾತ್ರೆ ಸಿಗುತ್ತಿತ್ತು.

"ಗಂಡಿನ ಕಡೆಯೋರಿಗೂ ನಾನೇ ಹೇಳ್ತೀನಿ," ಅಂದಳು ಅತ್ತೆ. ಸೊಸೆಯ ಕಡೆ ತಿರುಗಿ, "ನಿಂಗೂ ಮದುವೆಗೆ ಮುಂಚೆನೇ ಹೇಳ್ಬೇಕಿತ್ತು," ಅಂದಳು. ಸೊಸೆ ಆಕೆಯ ಕೈ ಹಿಡಿದುಕೊಂಡಳು. ಇಬ್ಬರ ಕೈಗಳೂ ತಣ್ಣಗಿದ್ದವು.

ಅಕ್ಕಂದಿರೇ, ನಿಮ್ಮವರನ್ನು ಠಾಣೆಗೆ ಕರೆದೊಯ್ದರೆ, ತಪ್ಪು ಯಾರದೆಂಬ ಮಾತು ಆಮೇಲಿರಲಿ. ಮೊದಲು ಕಾಯಿಲೆ ಹೇಳಿ: ಸಕ್ಕರೆ, ಬಿಪಿ, ಫಿಟ್ಸ್, ಉಬ್ಬಸ, ಬಸಿರು, ತಲೆಗೆ ಬಿದ್ದ ಪೆಟ್ಟು, ಏನಿದ್ದರೂ. ಮಾತ್ರೆಗಳನ್ನು ಹಾಳೆ ಮತ್ತು ಡಾಕ್ಟರ ಚೀಟಿಯ ಸಮೇತ ಒಯ್ಯಿರಿ. ವೈದ್ಯರಿಗೆ ತೋರಿಸಿ ಎಂದು ಕೇಳಿ, ಅದು ನಿಮ್ಮ ಹಕ್ಕು. ನಾಚಿಕೆಯಾಗುತ್ತದೆ, ಭಯವೂ ಆಗುತ್ತದೆ. ದನಿ ನಡುಗಿದರೆ ನಡುಗಲಿ, ನಡುಗುವ ದನಿಯಲ್ಲೇ ಹೇಳಿ.