ಅಳತೆಯ ಕಡ್ಡಿ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಸೋಮವಾರ, ಬೆಳಗಿನ ಒಂಬತ್ತು ಗಂಟೆ.

"ಎಡಗಾಲು ಇಂಗೆ ಚಾಚಿ, ಸೋಮಿ," ಎಂದ ಅಡವಯ್ಯ.

ಪ್ರಭುದೇವ ಕಾಲು ಹಿಂದೆಳೆದುಕೊಂಡ. "ನನ್ನ ಕಾಲು ಯಾಕೆ?"

"ಅಮ್ಮೋರ ಕಾಲು ಊದ್ಬುಟ್ಟೈತೆ. ಅಳತೆ ಸುಳ್ಳಾಯ್ತದೆ. ನಿಮ್ಮ ಪಾದ ಅವರದೇ ಅಚ್ಚು ಅಂತ ಅವರೇ ಹೇಳೋರು."

ದೊಡ್ಡೇರಿಯ ಪ್ರಭುದೇವನ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿ ತೋಡುವ ಅಡವಯ್ಯ ಹೊಂಗೆಕಡ್ಡಿಯೊಂದನ್ನು ಸತ್ತವರ ಪಾದಕ್ಕೆ ಹಿಡಿದು ಮುರಿಯುತ್ತಾನೆ. ಗುಂಡಿಯ ಉದ್ದಗಲವೆಲ್ಲ ಆ ಕಡ್ಡಿಯ ಲೆಕ್ಕದ್ದು.

ಅಳತೆ ಕೊಡುವುದು ಪೂಜೆಯಲ್ಲ, ಅಂದುಕೊಂಡ ಪ್ರಭುದೇವ. ಕಾಲು ಚಾಚಿದ.

ಅವನು ಮಧುಗಿರಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಕ್ರಿಸ್ತನನ್ನು ನಂಬಿ ಹನ್ನೆರಡು ವರ್ಷ. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯವರಿಗೆ ಒಂದು ಪಾಠ ಮಾಡುತ್ತಿದ್ದ: ಹೊರಗಿನವರು ಕೇಳಿದರೆ ಏನು ಉತ್ತರ ಕೊಡಬೇಕು. ಅದಕ್ಕೊಂದು ನೋಟ್‌ಬುಕ್ ಇತ್ತು. ವಿಭೂತಿ ಯಾಕೆ ಇಟ್ಟುಕೊಳ್ಳುವುದಿಲ್ಲ? ದೇವರೆಲ್ಲ ಒಂದೇ ಅಲ್ಲವೇ? ನೂರ ಹದಿನೇಳು ಪ್ರಶ್ನೆ, ಅಷ್ಟೇ ಉತ್ತರ.

ಅಪ್ಪ ತೀರಿಕೊಂಡಾಗ ಇದೇ ಅಂಗಳದಲ್ಲಿ ಅಯ್ನೋರು ಹಣೆಗೆ ವಿಭೂತಿ ಬಳಿದಿದ್ದರು. ಅವನು ಸುಮ್ಮನೆ ತಲೆ ಕೊಟ್ಟಿದ್ದ. ಆಮೇಲೆ ಸಭೆಯಲ್ಲಿ ಎದ್ದು ನಿಂತು ಅದನ್ನು ಒಪ್ಪಿಕೊಂಡು ಅತ್ತಿದ್ದ. ಈ ಸಲ ಎಲ್ಲರೆದುರು ಹೇಳಿಯೇಬಿಡಬೇಕು. ಹೇಳಲಾಗದಿದ್ದರೆ ಮತ್ತೆ ಆ ಪಾಠ ಮಾಡುವ ಮುಖ ತನಗಿಲ್ಲ.

ಅಮ್ಮ ಚನ್ನಮಲ್ಲಮ್ಮ ಜಗಲಿಯ ಗೋಡೆಗೆ ಒರಗಿ ಕೂತಿದ್ದಳು. ನಿನ್ನೆ ಸಂಜೆ ಹೋದವಳು. ಗದ್ದಕ್ಕೆ ಬಟ್ಟೆ ಕಟ್ಟಿ ಹಾರ ಹಾಕಿದ್ದರು. ಒಂದು ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಅಂಗಳದಲ್ಲಿ ಅವನು ಎಲ್ಲಿ ನಿಂತರೂ ಆ ಕಣ್ಣು ಅವನ ಕಡೆಗೇ ಇತ್ತು.

ಅಯ್ನೋರು ವಿಭೂತಿ ಹಿಡಿದು ಬಂದರು. ಪ್ರಭುದೇವ ಗಂಟಲು ಸರಿಮಾಡಿಕೊಂಡು ಎದ್ದ.

"ನಾನು ಇಟ್ಕೊಳ್ಳಲ್ಲ, ಅಯ್ನೋರೇ. ನಾನು ಯೇಸುವನ್ನ..."

"ಆಗ್ಲಿ ಬುಡಪ್ಪ." ಅಯ್ನೋರು ಪಕ್ಕದವನ ಹಣೆಗೆ ಬಳಿದರು.



"ಅವನ್ದು ಬೇರೆ ಕಣಮ್ಮ," ಸೋದರತ್ತೆ ಯಾರಿಗೋ ಹೇಳುತ್ತಿದ್ದಳು. "ಯೇಸುಸ್ವಾಮಿ. ನಮ್ಮನೇಲೂ ಪಟ ಐತೆ, ಮಂಜುನಾಥನ ಪಕ್ಕ. ದಿನಾ ಊದುಕಡ್ಡಿ ಹಚ್ತೀನಿ."

"ಅತ್ತೆ, ಹಂಗಲ್ಲ ಅದು..."

"ಹೆಂಗಾದ್ರೂ ಆಗ್ಲಿ. ಬೆಳಗಿಂದ ಬಾಯಿಗೆ ನೀರಿಲ್ಲ ನಿಂಗೆ. ಲೇ, ಪ್ರಭುಗೊಂದು ಲೋಟ ಕಾಪಿ ಕೊಡ್ರೇ."

ಪಟಕ್ಕೆ ಊದುಕಡ್ಡಿ ಹಚ್ಚಬಹುದೇ? ಅದು ನೋಟ್‌ಬುಕ್ಕಿನ ನಲವತ್ತೊಂದನೆಯ ಪ್ರಶ್ನೆ. ಉತ್ತರ ಎರಡು ಪುಟ. ಅವನು ಕಾಫಿ ಕುಡಿದ.

ಮಧ್ಯಾಹ್ನ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ಒಳಗಿನ ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು. ಸುತ್ತಲಿನ ಮಣ್ಣಿಗೆ ನೀರು ಚಿಮುಕಿಸಿದ್ದರು.

"ಒಂದ್ಸಲ ಇಳ್ದು ಕೂತು ನೋಡಿ, ಸೋಮಿ. ಗಿಡ್ಡಾದ್ರೆ ಅಮ್ಮೋರ ತಲೆ ಬಗ್ಸಬೇಕಾಯ್ತದೆ."

"ಕೂತ್ಕೊಳ್ಳಣ್ಣ," ಎಂದ ತಮ್ಮ ನಾಗಭೂಷಣ್. "ಜನ ಬರೋ ಹೊತ್ತಾಯ್ತು."

ಪ್ರಭುದೇವ ಚಪ್ಪಲಿ ಬಿಟ್ಟು ಇಳಿದ. ಬೆನ್ನು, ಭುಜ, ತಲೆ ಎಲ್ಲವೂ ಕಡೆದಿಟ್ಟ ಹಾಗೆ ಹೊಂದಿಕೊಂಡವು. ತಂಪಾಗಿತ್ತು. ಬೆಳಗಿನಿಂದ ಮೊದಲ ಸಲ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಹೆದರಿದ.

ಅಡವಯ್ಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವನನ್ನೇ ನೋಡಿದ.

"ನಿಮ್ಮಲ್ಲಿ ಮಲಗಿಸ್ತಾರಂತೆ. ಕಡೇ ದಿನ ಎಲ್ಲಾ ಎದ್ದು ಬರ್ತಾರಂತೆ. ದಿಟವಾ?"

ಆ ದಿನ ಅವನನ್ನು ಏನಾದರೂ ಕೇಳಿದವನು ಇವನೊಬ್ಬನೇ.

"ದಿಟ. ಎಲ್ಲರೂ ಏಳ್ತಾರೆ."

"ಅಂಗಾರೆ ಮಲಗಿದೋರಿಗಿಂತ ಕೂತೋರೇ ಬೇಗ ಎದ್ದಾರು!" ಅಡವಯ್ಯ ನಕ್ಕ. ನಗು ನಿಲ್ಲಿಸಿ, ದನಿ ಇಳಿಸಿ ಕೇಳಿದ: "ಅಮ್ಮೋರು ಎದ್ರೆ ನಿಮ್ಮ ಸ್ವಾಮಿ ಒಳೀಕೆ ಕರ್ಕೊಂತಾನಾ?"

ಪ್ರಭುದೇವ ಬಾಯಿ ತೆರೆದ. ನೂರ ಹದಿನೇಳರಲ್ಲಿ ಇದಕ್ಕೂ ಉತ್ತರವಿತ್ತು. ಸಭೆಯಲ್ಲಿ ಎಷ್ಟೋ ಸಲ ಓದಿ ಹೇಳಿದ್ದ: ನಂಬಿದವರಿಗೆ ಮಾತ್ರ. ಮೇಲೆ ಜಾಗಟೆ ಕೇಳಿಸಿತು. ಅಮ್ಮ ಬಂದಳು. ಅಡವಯ್ಯ ಇನ್ನೂ ಕಾಯುತ್ತಿದ್ದ.

ಅವನು ಎದ್ದು ಕೈ ಚಾಚಿದ. ಯಾರೋ ಕೈಹಿಡಿದು ಮೇಲಕ್ಕೆಳೆದರು.

ಅವನ ಬೆನ್ನು ಬೆಚ್ಚಗೆ ಮಾಡಿದ್ದ ಮಣ್ಣಿಗೆ ಅಮ್ಮನನ್ನು ಒರಗಿಸಿದರು. ಕೊನೆಗೆ ಅಡವಯ್ಯ ಸೊಂಟದಿಂದ ಹೊಂಗೆಕಡ್ಡಿ ತೆಗೆದು ಅವಳ ಮಡಿಲಿಗೆ ಹಾಕಿದ.

"ಅದು ಯಾಕೆ?"

"ಅಳತೆ ಕೊಟ್ಟೋರ ಜೊತೇಲೇ ಓಗ್ಬೇಕು, ಸೋಮಿ. ಮ್ಯಾಲೆ ಉಳೀಬಾರ್ದು."

ಕೊಟ್ಟವನು ನಾನು, ಎನ್ನುವಷ್ಟರಲ್ಲಿ ಮೊದಲ ಮಂಕರಿ ಮಣ್ಣು ಬಿದ್ದಿತ್ತು.

ಮರುದಿನ ಬಸ್ಸಿಗೆ ಮುಂಚೆ, ಮರೆತುಬಂದಿದ್ದ ಚಪ್ಪಲಿ ತರಲು ಹೊಲಕ್ಕೆ ಹೋದ. ಒಣಗಿದ ಕೆಸರಲ್ಲಿ ನಿನ್ನೆಯ ಹೆಜ್ಜೆಗಳೆಲ್ಲ ಹಾಗೇ ಇದ್ದವು. ಅವನದು ಗುರುತಿಸುವುದು ಸುಲಭ. ಅಮ್ಮನ ಹಾಗೆ ಎರಡನೆಯ ಬೆರಳು ಉದ್ದ. ಗುಂಡಿಯ ಕಡೆಗೆ ನಾಲ್ಕು ಹೆಜ್ಜೆ ಹೋಗಿತ್ತು. ಎಲ್ಲರ ಹೆಜ್ಜೆಗಳೂ ಮರಳಿದ್ದವು. ತಾನು ಮರಳಿದ ಹೆಜ್ಜೆಯನ್ನು ಬಗ್ಗಿ, ಸುತ್ತಿ, ಬಹಳ ಹೊತ್ತು ಹುಡುಕಿದ. ಒಂದೂ ಕಾಣಲಿಲ್ಲ. ದೂರದಲ್ಲಿ ಬಸ್ಸು ಹಾರನ್ ಮಾಡಿತು.

ಅಣ್ಣ ಮಂಗಳವಾರ ಎಂಟರ ಬಸ್ಸಿಗೆ ಹೊರಟುಹೋದ ಎಂದು ನಾಗಭೂಷಣ್ ಕೇಳಿದವರಿಗೆಲ್ಲ ಹೇಳಿದ. ಹೊಲದಲ್ಲಿ ಅವನ ಚಪ್ಪಲಿ ಇನ್ನೂ ಗುಂಡಿಯ ಕಡೆಗೆ ಮುಖ ಮಾಡಿ ಬಿಟ್ಟಲ್ಲೇ ಇತ್ತು.